ವರ್ಜೀನಿಯಾದ ಸ್ಪ್ಯಾಮ್ ಕಾನೂನು ಬಿದ್ದದ್ದು ಹೇಗೆ: ಜೇನ್ಸ್ ಪ್ರಕರಣ

2008ರ ಸೆಪ್ಟೆಂಬರ್ 12ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ಸುಪ್ರೀಂ ಕೋರ್ಟ್ ಸರ್ವಾನುಮತದ ಒಂದು ತೀರ್ಪು ಕೊಟ್ಟಿತು. ಜೆರೆಮಿ ಜೇನ್ಸ್ ಎಂಬಾತನಿಗೆ ಕೆಳ ನ್ಯಾಯಾಲಯ ವಿಧಿಸಿದ್ದ ಒಂಬತ್ತು ವರ್ಷಗಳ ಜೈಲು ಶಿಕ್ಷೆ ಅದರಿಂದ ರದ್ದಾಯಿತು. ಅವನು ಸ್ಪ್ಯಾಮ್ (ಕೇಳದವರಿಗೆ ರಾಶಿಗಟ್ಟಲೆ ಸುರಿಯುವ ಮೇಲ್) ಕಳಿಸಿದ್ದನೇ ಎಂಬ ಬಗ್ಗೆ ಆ ಹೊತ್ತಿಗೆ ಯಾರಿಗೂ ಅನುಮಾನವಿರಲಿಲ್ಲ. ಮೇಲ್‌ನ ಹೆಡರ್, ಅಂದರೆ ಅದು ಎಲ್ಲಿಂದ ಬಂತೆಂದು ಹೇಳುವ ತಲೆಭಾಗ, ತಿದ್ದಿದ್ದು ಸಾಬೀತಾಗಿತ್ತು, ಕಳಿಸಿದ ಮೇಲ್‌ಗಳ ಲೆಕ್ಕ ಸಿಕ್ಕಿತ್ತು, ಮನೆಯಲ್ಲಿ ಇ-ಮೇಲ್ ವಿಳಾಸಗಳ ಸಿಡಿಗಳೂ ಸಿಕ್ಕಿದ್ದವು. ಆದರೂ ಅವನು ಗೆದ್ದ, ಅದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ.

ಹಾಗಾದರೆ ಕಸದ ಮೇಲ್ ಸುರಿಯುವುದೂ ಸಂವಿಧಾನ ಕೊಟ್ಟ ಹಕ್ಕೇ? ಸುದ್ದಿಯ ತಲೆಬರಹ ಮಾತ್ರ ಓದಿದವರಿಗೆ ಹಾಗನ್ನಿಸುವುದು ಸಹಜ. ತೀರ್ಪಿನೊಳಗೆ ಎಲ್ಲಿಯೂ ಆ ಮಾತಿಲ್ಲ. ಕಾನೂನು ಬರೆದವರು ಒಂದು ಕಡೆ ಅಳತೆ ತಪ್ಪಿದ್ದರು, ಅದರ ಲಾಭ ಲಾಭಕ್ಕೆ ಅರ್ಹನಲ್ಲದವನಿಗೆ ಹೋಯಿತು. ಅಳತೆ ತಪ್ಪಿದ್ದು ಎಲ್ಲಿ, ಅದನ್ನು ತೋರಿಸಲು ಕೋರ್ಟ್ ಹಿಡಿದ ದಾರಿ ಎಷ್ಟು ಸರಿ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ನೋಡೋಣ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದರಲ್ಲಿ ಕೋರ್ಟಿನ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ.

ಮೂರು ದಿನಗಳ ಲೆಕ್ಕ

ಜೇನ್ಸ್ ವರ್ಜೀನಿಯಾದವನಲ್ಲ. ಪಕ್ಕದ ನಾರ್ತ್ ಕೆರೊಲಿನಾದ ರಾಲಿ ನಗರದ ತನ್ನ ಮನೆಯಿಂದಲೇ ದಂಧೆ ನಡೆಸುತ್ತಿದ್ದ. 2003ರ ಜುಲೈ 16ರಂದು 12,197, ಜುಲೈ 19ರಂದು 24,172, ಜುಲೈ 26ರಂದು 19,104 ಮೇಲ್‌ಗಳು ಅವನಿಂದ ಎಓಎಲ್ ಎಂಬ ಇಂಟರ್‌ನೆಟ್, ಇ-ಮೇಲ್ ಸೇವೆಯ ಕಂಪನಿಯ ಗ್ರಾಹಕರಿಗೆ ಹೋದವು. ಕೇಳಿ ತರಿಸಿಕೊಂಡವರು ಒಬ್ಬರೂ ಇರಲಿಲ್ಲ. ಮಾರುತ್ತಿದ್ದ ಸರಕು ಮೂರು ಬಗೆ: ಫೆಡೆಕ್ಸ್ ಕೊರಿಯರ್‌ನಿಂದ ಹಣ ವಾಪಸ್ ಪಡೆಯುವ ಉಪಾಯ, ಪುಡಿಗಾಸಿನ ಷೇರುಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಹೇಳುವ ಸಾಧನ, ಇಂಟರ್‌ನೆಟ್‌ನಲ್ಲಿ ಏನೇನು ನೋಡಿದಿರಿ ಎಂಬ ದಾಖಲೆ ಅಳಿಸುವ ತಂತ್ರಾಂಶ. ಮೇಲ್‌ನೊಳಗಿನ ಲಿಂಕ್ ಒತ್ತಿದರೆ ಬೇರೆ ಪುಟ ತೆರೆದು ಅಲ್ಲಿ ಖರೀದಿ ನಡೆಯಬೇಕು. ಎಲ್ಲ ಮೇಲ್‌ಗಳಲ್ಲೂ ಕಳಿಸಿದವರ ಡೊಮೇನ್ ಹೆಸರು (ವಿಳಾಸದಲ್ಲಿ @ ಗುರುತಿನ ಆಚೆ ಬರುವ ಹೆಸರು) ಸುಳ್ಳು.

ಪೊಲೀಸರು ಮನೆ ಶೋಧಿಸಿದಾಗ ಸಿಕ್ಕ ಸಿಡಿಗಳಲ್ಲಿ 17 ಕೋಟಿ 60 ಲಕ್ಷಕ್ಕೂ ಹೆಚ್ಚು ಪೂರ್ಣ ಇ-ಮೇಲ್ ವಿಳಾಸಗಳೂ 130 ಕೋಟಿ ಬಳಕೆದಾರ ಹೆಸರುಗಳೂ ಇದ್ದವು. ಎಓಎಲ್‌ನ ಲಕ್ಷಾಂತರ ಗ್ರಾಹಕರ ಖಾಸಗಿ ವಿವರಗಳಿದ್ದ ಡಿಸ್ಕ್ ಕೂಡ ಸಿಕ್ಕಿತು. ಅವು ಆ ಕಂಪನಿಯ ಮಾಜಿ ನೌಕರನೊಬ್ಬ ಕದ್ದ ಮಾಹಿತಿ. ಇಷ್ಟು ಸಾಕ್ಷ್ಯವಿದ್ದೂ ಆರೋಪ ಹೊರಿಸಿದ್ದು ಮೂರು ದಿನಗಳ ಐವತ್ತೈದು ಸಾವಿರ ಚಿಲ್ಲರೆ ಮೇಲ್‌ಗಳಿಗೆ ಮಾತ್ರ. ಕಾರಣ ಕಾನೂನಿನ ಅಕ್ಷರದಲ್ಲೇ ಇತ್ತು. 24 ಗಂಟೆಯೊಳಗೆ 10,000 ಜನರಿಗಿಂತ ಹೆಚ್ಚು, ಅಥವಾ 30 ದಿನದಲ್ಲಿ ಒಂದು ಲಕ್ಷ, ಅಥವಾ ವರ್ಷದಲ್ಲಿ ಹತ್ತು ಲಕ್ಷ ಜನರಿಗಿಂತ ಹೆಚ್ಚು ಮಂದಿಗೆ ಸುಳ್ಳು ಹೆಡರ್‌ನೊಂದಿಗೆ ಕೇಳದ ಮೇಲ್ ಕಳಿಸಿದರೆ ಅದು ಗಂಭೀರ ಅಪರಾಧ. ಮೂರೂ ದಿನ ಮೊದಲ ಮಿತಿ ದಾಟಿತ್ತು. ಒಂದೊಂದು ದಿನಕ್ಕೆ ಒಂದೊಂದು ಆರೋಪ.

ಇನ್ನೊಂದು ಸಂಗತಿ: ಈ ಕಾನೂನು ಜಾರಿಗೆ ಬಂದಿದ್ದು 2003ರ ಜುಲೈ 1ರಂದು. ಜೇನ್ಸ್‌ನ ಮೊದಲ ಕಂತು ಹೊರಟಾಗ ಅದಕ್ಕೆ ಎರಡು ವಾರ ವಯಸ್ಸು.

ಬೇರೆ ರಾಜ್ಯದಲ್ಲಿ ಕೂತವನ ಮೇಲೆ ವರ್ಜೀನಿಯಾಕ್ಕೇನು ಅಧಿಕಾರ ಎಂಬ ಪ್ರಶ್ನೆಯನ್ನು ಅವನ ವಕೀಲರು ಎತ್ತಿದರು. ಅದು ನಿಲ್ಲಲಿಲ್ಲ. ಎಓಎಲ್‌ನ ಸರ್ವರ್‌ಗಳಿದ್ದದ್ದು ವರ್ಜೀನಿಯಾದಲ್ಲಿ, ಅದೇನೂ ಗುಟ್ಟಾಗಿರಲಿಲ್ಲ. ಎಓಎಲ್ ವಿಳಾಸಕ್ಕೆ ಮೇಲ್ ಬಿಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ ಎನ್ನುವಂತಿಲ್ಲ. 2004ರ ನವೆಂಬರ್‌ನಲ್ಲಿ ಲೌಡನ್ ಕೌಂಟಿಯ ಜ್ಯೂರಿ ಅವನನ್ನು ತಪ್ಪಿತಸ್ಥನೆಂದಿತು. ಒಂದೊಂದು ಆರೋಪಕ್ಕೆ ಮೂರು ವರ್ಷ, ಒಂದರ ಹಿಂದೆ ಒಂದು, ಒಟ್ಟು ಒಂಬತ್ತು.

ಬಾಗಿಲಲ್ಲಿ ಹೆಸರು ಕೇಳುವ ಯಂತ್ರ

ಮುಂದಿನ ವಾದವೆಲ್ಲ ನಿಂತಿರುವುದು ಮೇಲ್ ಹೋಗುವ ಬಗೆಯ ಮೇಲೆ. ಹಾಗಾಗಿ ಅದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಳಿಸುವ ಯಂತ್ರ, ಪಡೆಯುವ ಯಂತ್ರಕ್ಕೆ ಸಂಪರ್ಕ ಹಾಕಿ ಮೊದಲು 'ಹೆಲೋ' ಎಂದು ತನ್ನ ಡೊಮೇನ್ ಹೆಸರು ಹೇಳುತ್ತದೆ. ಆಮೇಲೆ ಈ ಮೇಲ್ ಇಂಥವರಿಂದ ಎನ್ನುತ್ತದೆ, ಇಂಥವರಿಗೆ ಎನ್ನುತ್ತದೆ. ಅತ್ತ ಕಡೆಯ ಯಂತ್ರ ಪ್ರತಿ ಮಾತಿಗೂ 250 ಎಂಬ ಸಂಖ್ಯೆಯಲ್ಲಿ 'ಸರಿ' ಎನ್ನುತ್ತದೆ. ಕೊನೆಗೆ ಪತ್ರದ ಒಡಲು ಬರುತ್ತದೆ. ಎಸ್‌ಎಂಟಿಪಿ ಎಂದು ಕರೆಯುವ ಈ ಸಂಭಾಷಣೆಯಲ್ಲಿ ಹೇಳಿದ ಹೆಸರು ನಿಜವೇ ಎಂದು ವಿಚಾರಿಸುವ ಹಂತವೇ ಮೂಲದಲ್ಲಿ ಇರಲಿಲ್ಲ. ಪರಸ್ಪರ ಪರಿಚಯವಿದ್ದ ಕೆಲವೇ ಸಂಸ್ಥೆಗಳ ನಡುವೆ ಬಳಸಲೆಂದು ಮಾಡಿದ ವ್ಯವಸ್ಥೆ ಅದು.

ಸುಳ್ಳು ಹೆಸರು ಹೇಳಿದರೆ ಕಳಿಸಿದವನಿಗೆ ಎರಡು ಲಾಭ. ಸ್ಪ್ಯಾಮ್ ಸೋಸುವ ಶೋಧಕಗಳು ಅವನನ್ನು ಗುರುತು ಹಿಡಿದು ತಡೆಯುವುದು ಕಷ್ಟ. ಜೊತೆಗೆ, ತಲುಪದೆ ಹಿಂದಿರುಗುವ ಸಾವಿರಾರು ಮೇಲ್‌ಗಳು ಅವನ ತಲೆಗೆ ಸುತ್ತಿಕೊಳ್ಳುವುದಿಲ್ಲ. ಅವು ಯಾರ ಡೊಮೇನ್ ಹೆಸರನ್ನು ಕದ್ದು ಬಳಸಿದನೋ ಅವರ ಸರ್ವರ್‌ಗೆ ಬಂದು ಬೀಳುತ್ತವೆ. ಏನೂ ಅರಿಯದ ಯಾವುದೋ ಸಣ್ಣ ಸಂಸ್ಥೆ ಒಂದು ಬೆಳಗ್ಗೆ ಇನ್‌ಬಾಕ್ಸ್ ತೆರೆದರೆ 'ನೀವು ಕಳಿಸಿದ ಮೇಲ್ ತಲುಪಲಿಲ್ಲ' ಎಂಬ ಸಂದೇಶಗಳ ರಾಶಿ, ಅದರ ಮಧ್ಯೆ ಬೈಗುಳ. ಸುಳ್ಳು ಹೆಡರ್ ಎಂದರೆ ಬರೀ ಮುಖ ಮರೆಸಿಕೊಳ್ಳುವ ಮಾತಲ್ಲ ಎಂಬುದಕ್ಕೆ ಈ ವಿವರ ಮುಖ್ಯ. ಮುಂದೆ ಇದಕ್ಕೆ ಬರುತ್ತೇನೆ.

ಕರಪತ್ರದಿಂದ ಮೇಲ್‌ಗೆ

ಜೇನ್ಸ್‌ನ ವಕೀಲರು ಹಿಡಿದ ಎಳೆ ಅಮೆರಿಕದ ಕಾನೂನಿನಲ್ಲಿ ಹಳೆಯದು: ಹೆಸರು ಹೇಳದೆ ಮಾತನಾಡುವ ಹಕ್ಕು. ಒಹಾಯೊ ರಾಜ್ಯದ ವೆಸ್ಟರ್‌ವಿಲ್‌ನಲ್ಲಿ 1988ರಲ್ಲಿ ಮಾರ್ಗರೆಟ್ ಮೆಕಿಂಟೈರ್ ಎಂಬ ಮಹಿಳೆ ಶಾಲಾ ತೆರಿಗೆ ವಿರೋಧಿಸಿ ಕರಪತ್ರ ಹಂಚಿದರು. ಕೆಲವದರ ಕೆಳಗೆ ಸ್ವಂತ ಹೆಸರಿನ ಬದಲು 'ಕಾಳಜಿಯುಳ್ಳ ಪೋಷಕರು ಮತ್ತು ತೆರಿಗೆದಾರರು' ಎಂದಷ್ಟೇ ಇತ್ತು. ಅದಕ್ಕೆ 100 ಡಾಲರ್ ದಂಡ ಬಿತ್ತು. ಅಮೆರಿಕದ ಸುಪ್ರೀಂ ಕೋರ್ಟ್ 1995ರಲ್ಲಿ ದಂಡ ವಿಧಿಸಿದ ಆ ಕಾನೂನನ್ನೇ ಹೊಡೆದುಹಾಕಿತು. ಅನಾಮಧೇಯವಾಗಿ ರಾಜಕೀಯ ಅಭಿಪ್ರಾಯ ಹೇಳುವುದು ಬಹುಮತದ ದಬ್ಬಾಳಿಕೆಯಿಂದ ತಪ್ಪಿಸಿಕೊಳ್ಳುವ ದಾರಿ ಎಂಬುದು ಅಲ್ಲಿನ ತರ್ಕ. ತೀರ್ಪು ಬರುವಷ್ಟರಲ್ಲಿ ಮೆಕಿಂಟೈರ್ ತೀರಿಕೊಂಡಿದ್ದರು.

ಈ ತರ್ಕವನ್ನು ವರ್ಜೀನಿಯಾದ ಕಾನೂನಿಗೆ ಹಚ್ಚಿ ನೋಡಿ. ಆ ಕಾನೂನು ಹೇಳಿದ್ದು 'ಭಾರಿ ಪ್ರಮಾಣದ, ಕೇಳದ ಮೇಲ್' ಎಂದು. 'ವಾಣಿಜ್ಯ' ಎಂಬ ಮಾತು ಅದರಲ್ಲಿ ಇರಲಿಲ್ಲ. ಅಂದರೆ ಪುಡಿ ಷೇರಿನ ಆಮಿಷಕ್ಕೂ, ಸರ್ಕಾರದ ಭ್ರಷ್ಟಾಚಾರ ಬಯಲಿಗೆಳೆಯುವ ಅನಾಮಧೇಯ ಪತ್ರಕ್ಕೂ, ಧರ್ಮಪ್ರಚಾರದ ಸಂದೇಶಕ್ಕೂ ಒಂದೇ ಶಿಕ್ಷೆ. ನ್ಯಾಯಮೂರ್ತಿ ಜಿ. ಸ್ಟೀವನ್ ಏಗಿ ಬರೆದ ತೀರ್ಪಿನಲ್ಲಿ ಇದಕ್ಕೊಂದು ಮನಮುಟ್ಟುವ ಉದಾಹರಣೆಯಿದೆ. 1787-88ರಲ್ಲಿ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರು 'ಪಬ್ಲಿಯಸ್' ಎಂಬ ಗುಪ್ತನಾಮದಲ್ಲಿ ಅಮೆರಿಕದ ಸಂವಿಧಾನದ ಪರ ಲೇಖನಗಳನ್ನು ಬರೆದರು, ಫೆಡರಲಿಸ್ಟ್ ಪೇಪರ್ಸ್ ಎಂದು ಹೆಸರಾದವು ಅವು. ಅವನ್ನು ಇಂದು ಇ-ಮೇಲ್‌ನಲ್ಲಿ ಕಳಿಸಿದ್ದರೆ ಪಬ್ಲಿಯಸ್ ಈ ಕಾನೂನಿನಡಿ ಅಪರಾಧಿಯಾಗುತ್ತಿದ್ದ ಎಂದಿತು ಕೋರ್ಟ್.

ರಾಜ್ಯ ಸರ್ಕಾರದ ವಕೀಲರ ಬಳಿ ಉತ್ತರಗಳಿರಲಿಲ್ಲ ಎಂದಲ್ಲ. ಇದು ಮಾತಿನ ಮೇಲಿನ ನಿರ್ಬಂಧವಲ್ಲ, ಖಾಸಗಿ ಸರ್ವರ್‌ನೊಳಗೆ ನುಗ್ಗುವ ಅತಿಕ್ರಮಣದ ಮೇಲಿನ ನಿರ್ಬಂಧ ಎಂದರು. ಕೋರ್ಟ್ ಒಪ್ಪಲಿಲ್ಲ: ಸರ್ವರ್‌ನ ಒಡೆಯನೇ ಸುಳ್ಳು ವಿಳಾಸದವರಿಗೂ ಬನ್ನಿ ಎಂದು ಅನುಮತಿ ಕೊಟ್ಟಿದ್ದರೂ ಈ ಕಾನೂನಿನಡಿ ಮೊಕದ್ದಮೆ ಹೂಡಬಹುದು, ಹಾಗಿರುವಾಗ ಅತಿಕ್ರಮಣ ಎಲ್ಲಿ ಬಂತು? ಈ ಪ್ರಶ್ನೆ ನೇರವಾಗಿ ಗುರಿಗೆ ತಾಗಿದೆ. ಹಾಗಿದ್ದರೆ ಕಾನೂನನ್ನು ವಾಣಿಜ್ಯ ಮತ್ತು ವಂಚನೆಯ ಮೇಲ್‌ಗೆ ಮಾತ್ರ ಸೀಮಿತವಾಗಿ ಓದಿಕೊಳ್ಳಿ ಎಂದು ಸರ್ಕಾರ ಕೇಳಿಕೊಂಡಿತು. ಶಾಸನಸಭೆ ಬರೆಯದ ಪದವನ್ನು ನಾವು ಬರೆಯಲಾಗದು ಎಂದಿತು ಕೋರ್ಟ್.

ಕ್ರಿಮಿನಲ್ ಶಿಕ್ಷೆಯ ಕಾನೂನಿನಲ್ಲಿ ಇದು ಸರಿಯಾದ ನಿಲುವು. ರಾಜಕೀಯ, ಧಾರ್ಮಿಕ ಮಾತನ್ನು ಮುಟ್ಟುವ ಕಾನೂನಾದರೆ ಅಮೆರಿಕದ ಕೋರ್ಟುಗಳು ಅತಿ ಕಟ್ಟುನಿಟ್ಟಿನ ಒರೆಗಲ್ಲಿಗೆ ಹಚ್ಚುತ್ತವೆ: ಸರ್ಕಾರದ ಉದ್ದೇಶ ಬಲವಾದದ್ದಾಗಿರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನು ಮಾತ್ರ ಕಾನೂನು ತಡೆಯಬೇಕು. ಇಲ್ಲಿ ಉದ್ದೇಶವೇನೋ ಗಟ್ಟಿಯಾಗಿತ್ತು, ಅಳತೆ ಕೈಕೊಟ್ಟಿತು.

ಬೇರೆಯವರ ಹಕ್ಕನ್ನು ಇವನು ಎತ್ತಬಹುದೇ?

ಓದುವವರಿಗೆ ಸಿಟ್ಟು ಬರುವುದು ಇಲ್ಲಿ. ಜೇನ್ಸ್ ಪಬ್ಲಿಯಸ್ ಅಲ್ಲ. ಅವನ ಮೇಲ್‌ಗಳು ಶುದ್ಧ ವ್ಯಾಪಾರ. ವ್ಯಾಪಾರದ ಮಾತಿಗೆ ಅಮೆರಿಕದಲ್ಲಿ 1976ರಿಂದ ಸ್ವಲ್ಪ ಮಟ್ಟಿನ ರಕ್ಷಣೆ ಇದೆ (ಆ ಮೊಕದ್ದಮೆಯೂ ವರ್ಜೀನಿಯಾದ್ದೇ, ಔಷಧಿ ಬೆಲೆಯ ಜಾಹೀರಾತಿನದ್ದು). ಆದರೆ ದಾರಿ ತಪ್ಪಿಸುವ ಜಾಹೀರಾತಿಗೆ ಯಾವ ರಕ್ಷಣೆಯೂ ಇಲ್ಲ ಎಂದು 1980ರ ಸೆಂಟ್ರಲ್ ಹಡ್ಸನ್ ತೀರ್ಪು ಸ್ಪಷ್ಟವಾಗಿ ಹೇಳಿದೆ. ಹಾಗಿದ್ದ ಮೇಲೆ ಇನ್ಯಾವನೋ ಕಾಲ್ಪನಿಕ ಕರಪತ್ರಗಾರನ ಹಕ್ಕನ್ನು ಮುಂದೆ ಹಿಡಿದು ಇವನು ಪಾರಾಗುವುದು ಯಾವ ನ್ಯಾಯ?

ಈ ಪ್ರಶ್ನೆ ನ್ಯಾಯಮೂರ್ತಿಗಳನ್ನೂ ಕಾಡಿತು. 2008ರ ಫೆಬ್ರುವರಿ 29ರಂದು ಇದೇ ಕೋರ್ಟ್ ನಾಲ್ಕಕ್ಕೆ ಮೂರರ ಬಹುಮತದಲ್ಲಿ ಜೇನ್ಸ್ ವಿರುದ್ಧವೇ ತೀರ್ಪು ಕೊಟ್ಟಿತ್ತು: ಬೇರೆಯವರ ಪರವಾಗಿ ಕಾನೂನಿನ ಅತಿವ್ಯಾಪ್ತಿಯನ್ನು, ಅಂದರೆ ತಡೆಯಬಾರದ ಮಾತನ್ನೂ ಅದು ತಡೆಯುವುದನ್ನು, ಪ್ರಶ್ನಿಸುವ ಅರ್ಹತೆ ಇವನಿಗಿಲ್ಲ ಎಂದು. ಮರುವಿಚಾರಣೆಗೆ ಒಪ್ಪಿದ ಮೇಲೆ ತಕ್ಕಡಿ ತಿರುಗಿತು. ಅತಿವ್ಯಾಪ್ತಿಯ ಪ್ರಶ್ನೆಯನ್ನು ಯಾರು ಎತ್ತಬಹುದು ಎಂಬುದು ರಾಜ್ಯ ಕೋರ್ಟುಗಳು ತಮಗೆ ಬೇಕಾದಂತೆ ಇಟ್ಟುಕೊಳ್ಳುವ ನಿಯಮವಲ್ಲ, ಅದು ವಾಕ್ ಸ್ವಾತಂತ್ರ್ಯ ಕಾಪಾಡುವ, ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿಯ ಭಾಗವೇ ಎಂದು ಸೆಪ್ಟೆಂಬರ್‌ನ ತೀರ್ಪು ಹೇಳಿತು.

ನನಗೆ ಸೆಪ್ಟೆಂಬರ್‌ನ ನಿಲುವೇ ಸರಿ ಅನ್ನಿಸುತ್ತದೆ, ಜೇನ್ಸ್‌ನ ಮೇಲೆ ಯಾವ ಮರುಕವೂ ಇಲ್ಲದೆ. ಅನಾಮಧೇಯನಾಗಿ ಬರೆಯಬೇಕೆಂದಿರುವ ನಿಜವಾದ ಕರಪತ್ರಗಾರ ಜೈಲಿನ ಭಯಕ್ಕೆ ಬರೆಯುವುದೇ ಇಲ್ಲ. ಬರೆಯದವನ ಮೇಲೆ ಮೊಕದ್ದಮೆ ಇಲ್ಲ, ಮೊಕದ್ದಮೆ ಇಲ್ಲದವನು ಕೋರ್ಟಿಗೆ ಬರುವುದಿಲ್ಲ. ಅಂಥ ಕಾನೂನಿನ ದೋಷ ಹೊರಬೀಳುವುದು ಹಿಡಿಸಿಕೊಂಡವನ ಬಾಯಿಂದಲೇ. ಹಿಡಿಸಿಕೊಂಡವನು ಸಜ್ಜನನಾಗಿರುವುದು ಅಪರೂಪ.

'ಬೇರೆ ದಾರಿಯೇ ಇಲ್ಲ' ಎಂಬ ಮಾತು

ಕೋರ್ಟಿನ ಜೊತೆ ನನ್ನ ತಕರಾರು ಬೇರೆ ಕಡೆ ಇದೆ. ಮೇಲ್ ಕಳಿಸಲು ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ), ಡೊಮೇನ್ ಹೆಸರು ಕೊಡಲೇಬೇಕು, ಆದ್ದರಿಂದ ಅನಾಮಧೇಯವಾಗಿ ಕಳಿಸಲು ಅವನ್ನು ಸುಳ್ಳಾಗಿಸುವುದೊಂದೇ ದಾರಿ ಎಂದು ತೀರ್ಪು ಹೇಳುತ್ತದೆ. 2003ರಲ್ಲೂ ಇದು ನಿಜವಾಗಿರಲಿಲ್ಲ. ಉಚಿತ ವೆಬ್‌ಮೇಲ್‌ನಲ್ಲಿ ಯಾವುದೋ ಗುಪ್ತನಾಮದ ಖಾತೆ ತೆರೆದರೆ ಹೆಡರ್‌ನಲ್ಲಿ ಒಂದಕ್ಷರ ಸುಳ್ಳಿಲ್ಲದೆ ಅನಾಮಧೇಯ ಮೇಲ್ ಹೋಗುತ್ತದೆ. ಕಳಿಸಿದವರ ಗುರುತು ಕಿತ್ತು ತನ್ನ ಹೆಸರಿನಲ್ಲಿ ಮುಂದಕ್ಕೆ ದಾಟಿಸುವ ಅನಾಮಧೇಯ ರೀಮೇಲರ್‌ಗಳೂ ಆಗಲೇ ಇದ್ದವು. ಅವುಗಳ ಹೆಡರ್ ಕೂಡ ನಿಜವನ್ನೇ ಹೇಳುತ್ತದೆ: ಇದು ರೀಮೇಲರ್‌ನಿಂದ ಬಂದದ್ದು.

ಕೋರ್ಟಿನ ಪರವಾಗಿ ಹೇಳಬಹುದಾದ ಮಾತೂ ಒಂದಿದೆ. ಫಿನ್‌ಲೆಂಡಿನಲ್ಲಿ 1993ರಿಂದ ನಡೆಯುತ್ತಿದ್ದ ಪೆನೆಟ್ ಎಂಬ ಹೆಸರಾಂತ ರೀಮೇಲರ್, ಬಳಕೆದಾರರ ಗುರುತು ಬಿಟ್ಟುಕೊಡಬೇಕೆಂದು ನ್ಯಾಯಾಲಯ ಹೇಳಿದ ಮೇಲೆ 1996ರಲ್ಲಿ ಬಾಗಿಲು ಹಾಕಿತು. ಮಧ್ಯವರ್ತಿಯ ಕೈಯಲ್ಲಿಟ್ಟ ಗುಟ್ಟು ಆ ಮಧ್ಯವರ್ತಿ ಎಷ್ಟು ದಿನ ಗಟ್ಟಿಯಾಗಿರುತ್ತಾನೋ ಅಷ್ಟು ದಿನದ್ದು. ವೆಬ್‌ಮೇಲ್ ಕಂಪನಿಗಾದರೆ ಒಂದು ಸಮನ್ಸ್ ಸಾಕು. ಯಾರನ್ನೂ ನಂಬದೆ ಪೂರ್ತಿ ಗುಪ್ತವಾಗಿರಬೇಕೆಂದರೆ ವಿಳಾಸವನ್ನೇ ಮರೆಮಾಚಬೇಕಾದೀತು. ಆದರೆ ಕೋರ್ಟ್ ಹೀಗೆ ವಿವರಿಸಲಿಲ್ಲ. 'ಒಂದೇ ದಾರಿ' ಎಂದು ಚುಟುಕಾಗಿ ಹೇಳಿ ಮುಂದೆ ಹೋಯಿತು.

ಅದಕ್ಕಿಂತ ದೊಡ್ಡ ಕೊರತೆ, ಹೆಸರು ಹೇಳದಿರುವುದಕ್ಕೂ ಇನ್ನೊಬ್ಬನ ಹೆಸರು ಹೇಳುವುದಕ್ಕೂ ಇರುವ ಅಂತರವನ್ನು ತೀರ್ಪು ಬಿಡಿಸಿ ನೋಡದೆ ಹೋದದ್ದು. ಪಬ್ಲಿಯಸ್ ಎಂಬ ಮನುಷ್ಯ ಆಗ ಯಾರೂ ಇರಲಿಲ್ಲ. ಆ ಹೆಸರಿನಿಂದ ಯಾರ ಮನೆಗೂ ಬೈಗುಳದ ಪತ್ರ ಹೋಗಲಿಲ್ಲ. ಬೇರೊಬ್ಬರ ಡೊಮೇನ್ ಹಾಕಿ ಐವತ್ತು ಸಾವಿರ ಮೇಲ್ ಬಿಟ್ಟಾಗ, ಮೇಲೆ ಹೇಳಿದಂತೆ, ಹಿಂದಿರುಗಿದ ಕಸವೆಲ್ಲ ಮೂರನೆಯವರ ತಲೆಗೆ. 'ಇನ್ನೊಬ್ಬರ ಡೊಮೇನ್ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ಬಳಸಿ' ಎಂದಷ್ಟೇ ಕಾನೂನು ಹೇಳಿದ್ದರೆ, ರಾಜಕೀಯ ಮೇಲ್‌ಗೂ ಅನ್ವಯಿಸುವಂತಿದ್ದರೂ ಅದು ಉಳಿಯುತ್ತಿತ್ತೇನೋ. ಮಾತಿಗೆ ಮುಸುಕು ಹಾಕುವುದು ಹಕ್ಕು ಎಂದು ಒಪ್ಪೋಣ, ಬೇರೆಯವರ ಮುಖವನ್ನೇ ಮುಸುಕಾಗಿ ತೊಡುವುದು ಯಾವ ತೀರ್ಪಿನಲ್ಲೂ ಹಕ್ಕೆನಿಸಿಕೊಂಡಿಲ್ಲ. ವರ್ಜೀನಿಯಾದ ಕಾನೂನು ಈ ಎರಡನ್ನೂ 'ಸುಳ್ಳು ಮಾಹಿತಿ' ಎಂಬ ಒಂದೇ ಬುಟ್ಟಿಗೆ ಹಾಕಿತ್ತು. ಬಿಡಿಸಿಡುವುದು ಕಾನೂನು ಬರೆದವರ ಕೆಲಸವಾಗಿತ್ತು ಎಂಬುದೂ ನಿಜ.

ಮನೆಯವರು ಬೇಡ ಎಂದರೆ

ಕೇಳದ ಮೇಲ್ ತಡೆಯಲು ಸಂವಿಧಾನವೇ ಅಡ್ಡಿ ಎಂಬ ತಿಳಿವಳಿಕೆ ಮಾತ್ರ ತಪ್ಪು. 1970ರಲ್ಲಿಯೇ, ಕಾಗದದ ಅಂಚೆಯ ಕಾಲದಲ್ಲೇ, ರೋವನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥ ಮಾಡಿದೆ. ಬೇಡವೆಂದು ಮನೆಯವರು ಹೇಳಿದ ಮೇಲೆ ಕಳಿಸುವವನ ಹಕ್ಕು ಅವರ ಅಂಚೆಪೆಟ್ಟಿಗೆಯ ಹತ್ತಿರ ನಿಲ್ಲಬೇಕು. ಮಾತನಾಡುವ ಹಕ್ಕಿನೊಳಗೆ ಕೇಳಿಸಿಯೇ ತೀರುತ್ತೇನೆ ಎಂಬ ಹಕ್ಕು ಸೇರಿಲ್ಲ. 1996ರಲ್ಲಿ ಸೈಬರ್ ಪ್ರಮೋಷನ್ಸ್ ಎಂಬ ಸ್ಪ್ಯಾಮ್ ಕಂಪನಿ ಎಓಎಲ್ ತನ್ನನ್ನು ತಡೆಯುವುದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆ ಎಂದು ವಾದಿಸಿ ಸೋತಿತು. ಮೊದಲ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು. ಎಓಎಲ್ ಸರ್ಕಾರವಲ್ಲ.

ಇನ್ನೊಂದು ತುದಿಯಲ್ಲಿ ಹಮೀದಿ ಪ್ರಕರಣ ಇದೆ. ಇಂಟೆಲ್‌ನ ಮಾಜಿ ನೌಕರ ಕೆನ್ ಹಮೀದಿ ಸುಮಾರು ಎರಡು ವರ್ಷಗಳಲ್ಲಿ ಆರು ಬಾರಿ, ಕಂಪನಿಯ ನೌಕರ ನೀತಿಯನ್ನು ಟೀಕಿಸಿ, ಒಮ್ಮೊಮ್ಮೆ 35,000 ನೌಕರರವರೆಗೆ ಮೇಲ್ ಕಳಿಸಿದ. ಇಂಟೆಲ್ ಇದನ್ನು ತನ್ನ ಸ್ವತ್ತಿನ ಅತಿಕ್ರಮಣವೆಂದಿತು. 2003ರ ಜೂನ್ 30ರಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಮೂರರಿಂದ ಹಮೀದಿಯ ಪರ ನಿಂತಿತು. ಕಂಪ್ಯೂಟರುಗಳು ಕೆಡಲಿಲ್ಲ, ನಿಧಾನವಾಗಲಿಲ್ಲ, ಕಂಪನಿಗೆ ನೋವಾಗಿದ್ದು ಮೇಲ್‌ನ ಒಡಲಿನಿಂದ. ಮರುದಿನವೇ ವರ್ಜೀನಿಯಾದಲ್ಲಿ ಜಾರಿಗೆ ಬಂದ ಕಾನೂನಿನ ಮಾತುಗಳಲ್ಲಿ ಹೇಳುವುದಾದರೆ ಹಮೀದಿ ಕಳಿಸಿದ್ದೂ 'ಭಾರಿ ಪ್ರಮಾಣದ ಕೇಳದ ಮೇಲ್' ಆಗಿತ್ತು. ಅವನು ಹೆಡರ್ ತಿದ್ದಿದ್ದರೆ ಅಲ್ಲಿ ಜೈಲು ಕಾದಿರುತ್ತಿತ್ತು. ಪಬ್ಲಿಯಸ್‌ಗಾಗಿ ಎರಡು ಶತಮಾನ ಹಿಂದಕ್ಕೆ ಹೋಗುವ ಅಗತ್ಯವೇ ಇರಲಿಲ್ಲ.

ಆಮೇಲೆ

ಅಮೆರಿಕದ ಸುಪ್ರೀಂ ಕೋರ್ಟ್ 2009ರ ಮಾರ್ಚ್ 30ರಂದು ರಾಜ್ಯದ ಮೇಲ್ಮನವಿಯನ್ನು ವಿಚಾರಣೆಗೇ ತೆಗೆದುಕೊಳ್ಳಲಿಲ್ಲ. ವರ್ಜೀನಿಯಾದ ಶಾಸನಸಭೆ 2010ರಲ್ಲಿ ಕಾನೂನು ತಿದ್ದಿ 'ವಾಣಿಜ್ಯ' ಎಂಬ ಪದ ಸೇರಿಸಿತು. ಹಿಂದಿನ ಕೃತ್ಯಕ್ಕೆ ಹೊಸ ದಂಡ ವಿಧಿಸುವಂತಿಲ್ಲವಾದ್ದರಿಂದ ಜೇನ್ಸ್‌ಗೆ ಅದು ತಾಗುವುದಿಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಕ್ಯಾನ್-ಸ್ಪ್ಯಾಮ್ ಕಾಯ್ದೆ ಸುಳ್ಳು ಹೆಡರ್‌ಗೆ ಶಿಕ್ಷೆ ಇಟ್ಟಿದೆ, ಮೊದಲಿನಿಂದಲೂ ವಾಣಿಜ್ಯ ಮೇಲ್ ಎಂದೇ ಬರೆದಿದೆ, ಆದರೆ ಜಾರಿಗೆ ಬಂದದ್ದು 2004ರ ಜನವರಿ 1ರಂದು. ಜುಲೈ 2003ರ ಮೂರು ದಿನಗಳು ಎರಡು ಕಾನೂನುಗಳ ಸಂದಿಯಲ್ಲಿ ಜಾರಿಹೋದವು.

ಕೇಂದ್ರದ ಆ ಕಾಯ್ದೆಯೂ ಮೊದಲೇ ಒಪ್ಪಿಗೆ ಪಡೆಯಿರಿ ಎನ್ನುವುದಿಲ್ಲ. ಹೆಡರ್ ನಿಜವಿರಲಿ, ವಿಷಯದ ಸಾಲು ದಾರಿ ತಪ್ಪಿಸದಿರಲಿ, ಅಂಚೆ ವಿಳಾಸ ಇರಲಿ, ಬೇಡ ಎಂದವರನ್ನು ಹತ್ತು ಕೆಲಸದ ದಿನಗಳೊಳಗೆ ಪಟ್ಟಿಯಿಂದ ಬಿಡಿ ಎನ್ನುತ್ತದೆ. ರಾಜಕೀಯ ಪಕ್ಷಗಳ ದೇಣಿಗೆ ಕೇಳುವ ಮೇಲ್‌ಗಳು ವಾಣಿಜ್ಯವಲ್ಲವಾದ್ದರಿಂದ ಇದರ ವ್ಯಾಪ್ತಿಯಲ್ಲೇ ಇಲ್ಲ. ಚುನಾವಣೆ ವರ್ಷದಲ್ಲಿ ಅಮೆರಿಕದವರ ಇನ್‌ಬಾಕ್ಸ್ ತುಂಬುವುದರಲ್ಲಿ ಇವುಗಳ ಪಾಲು ದೊಡ್ಡದು.

ಅವನ್ನು ತಡೆಯುತ್ತಿರುವುದು ಕಾನೂನಲ್ಲ, ಖಾಸಗಿ ಶೋಧಕಗಳು. ಜಗಳವೂ ಈಗ ಅಲ್ಲಿಗೇ ಸರಿದಿದೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಚುನಾವಣಾ ಆಯೋಗ, ಪ್ರಚಾರದ ಮೇಲ್‌ಗಳನ್ನು ಸ್ಪ್ಯಾಮ್ ಪೆಟ್ಟಿಗೆಗೆ ಹಾಕದೆ ಬಿಡುವ ಗೂಗಲ್‌ನ ಪ್ರಾಯೋಗಿಕ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಿತಿ, ತನ್ನ ಮೇಲ್‌ಗಳನ್ನು ಬೇಕೆಂದೇ ಸ್ಪ್ಯಾಮ್‌ಗೆ ತಳ್ಳಲಾಗುತ್ತಿದೆ ಎಂದು ಗೂಗಲ್ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಿತು. 2023ರ ಆಗಸ್ಟ್‌ನಲ್ಲಿ ಕೋರ್ಟ್ ಅದನ್ನು ವಜಾ ಮಾಡಿತು. ಅನಪೇಕ್ಷಿತವೆಂದು ತಾವು ಪ್ರಾಮಾಣಿಕವಾಗಿ ಭಾವಿಸಿದ್ದನ್ನು ಸೇವಾದಾರರು ತಡೆಯಬಹುದು ಎಂಬ 1996ರ ಶಾಸನದ ರಕ್ಷಣೆ ಗೂಗಲ್‌ಗೆ ಸಿಕ್ಕಿತು. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ತಮ್ಮ ಡೊಮೇನ್ ತಮ್ಮದೇ ಎಂದು ತಾಂತ್ರಿಕವಾಗಿ ರುಜುವಾತು ಮಾಡಬೇಕು, ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್‌ನಲ್ಲಿ ಬಿಡಿಸಿಕೊಳ್ಳುವ ಗುಂಡಿ ಇಡಬೇಕು. ವರ್ಜೀನಿಯಾ ಜೈಲಿನ ಬೆದರಿಕೆಯಿಂದ ಮಾಡಿಸಲು ಹೊರಟದ್ದನ್ನು, ಅದಕ್ಕೂ ಕಡಿಮೆ ಸಂಖ್ಯೆಯ ಮಿತಿಯಲ್ಲಿ, ಕಂಪನಿಯೊಂದು ತನ್ನ ನಿಯಮದಿಂದ ಮಾಡಿಸುತ್ತಿದೆ. ಅದರಲ್ಲಿ ವಾಣಿಜ್ಯ, ರಾಜಕೀಯ ಎಂಬ ಭೇದವಿಲ್ಲ, ಪಬ್ಲಿಯಸ್ ಎಂಬ ವಿನಾಯಿತಿಯೂ ಇಲ್ಲ.